ಸತ್ತವರ ಹೆಸರು ಕೇಳುವ ಮುನ್ನ

ಕಳೆದ ತಿಂಗಳ ಒಂದು ಜುಮಾದಂದು ಕೌಜಲಗಿಯ ಮಸೀದಿಯಲ್ಲಿ ಖತೀಬರು ಮನುಷ್ಯ ಜೀವದ ಬೆಲೆಯ ಬಗ್ಗೆ ಮಾತಾಡಿದರು. ಸೂರಃ ಅಲ್ ಮಾಇದಃದ 32ನೇ ವಚನವನ್ನು ಬಿಡಿಸಿ ಹೇಳಿದರು. ನಮಾಝ್ ಮುಗಿದ ಮೇಲೆ ಅಂಗಳದಲ್ಲಿ ನಿಂತಿದ್ದ ನಮ್ಮನ್ನು ಕಾಲೇಜು ಓದುವ ಹುಡುಗನೊಬ್ಬ ಕೇಳಿದ: ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತಾಗ ನಾಡಿನ ಜನ ಯಾಕೆ ಸುಮ್ಮನಿದ್ದರು? ಪಕ್ಕದಲ್ಲಿದ್ದ ಹಿರಿಯ ಚಾಚಾ ಉತ್ತರಿಸಿದರು: “ಸುಮ್ಮನ ಎಲ್ಲಿದ್ದರಪಾ? ಮಾತಾಡಿದರು. ಖರೇ, ಮೊದಲ ಹೆಸರ ಕೇಳಿದರು. ನರಗುಂದದಾಗ ಹಂಗ ಕೇಳಿರಲಿಲ್ಲ.”

ಆ ಮಾತು ಹಿಡಿದೇ ಈ ಲೇಖನ ಬರೆಯುತ್ತಿದ್ದೇವೆ.

ನರಗುಂದ ನಮಗೆ ದೂರದ ಊರಲ್ಲ. ಯರಗಟ್ಟಿ, ಸವದತ್ತಿ ದಾಟಿ ಹೋದರೆ ಸಿಗುವ ಕರಿಮಣ್ಣಿನ ಸೀಮೆ. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಎದ್ದದ್ದು ಅಲ್ಲಿಯೇ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಆ ಸೀಮೆಗೆ ಕಾಲುವೆ ಬಂತು, ಕಾಲುವೆಯ ಹಿಂದೆಯೇ ಕರವೂ ಬಂತು. ನೀರಿನ ಕರದ ಜೊತೆಗೆ ‘ಬೆಟರ್‌ಮೆಂಟ್ ಲೆವಿ’ ಎಂಬ ಇನ್ನೊಂದು. ನೀರಾವರಿಯಿಂದ ಹೊಲದ ಬೆಲೆ ಏರಿದೆ, ಏರಿದ ಬೆಲೆಯಲ್ಲಿ ಸರ್ಕಾರಕ್ಕೆ ಪಾಲು ಕೊಡಿ ಎಂಬುದು ಅದರ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯೇ ಇತ್ತು. ಆದರೆ ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಮುಟ್ಟಿದ ಕೆಲವು ಹೊಲಗಳು ಜವುಳು ಹಿಡಿದವು. ನೀರು ನಂಬಿ ಹತ್ತಿ ಬೆಳೆದವರಿಗೆ ಬೆಲೆ ಬಿದ್ದುಹೋಯಿತು, ಬೀಜ ಗೊಬ್ಬರಕ್ಕೆ ಮಾಡಿದ ಸಾಲ ಹಾಗೇ ಉಳಿಯಿತು. ಅಂಥ ಹೊತ್ತಿನಲ್ಲಿ ವಸೂಲಿಯ ನೋಟಿಸು ಮನೆ ಬಾಗಿಲಿಗೆ ಬಂತು. ಕಾಲುವೆಯ ನೀರು ಕಾದು ಕೂತ ನಮ್ಮ ಭಾಗದ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು, ಮನವಿ ಕೊಟ್ಟರು, ತಹಶೀಲ್ದಾರ್ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕೂತರು. 1980ರ ಜುಲೈ 21ರಂದು ಬಂದ್. ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದವರನ್ನು ತುಳಿದುಕೊಂಡು ಅಧಿಕಾರಿ ಒಳಗೆ ಹೋದರೆಂದು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ. ಜನ ಕೆರಳಿದರು, ಪೊಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ, ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಿದ್ದರು. ಇನ್ನೊಂದನ್ನೂ ಮರೆಮಾಚದೆ ಹೇಳಬೇಕು: ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಅವರಿಗೂ ಹೆಂಡತಿ ಮಕ್ಕಳಿದ್ದರು.

ಚಾಚಾ ಹೇಳಲು ಹೊರಟದ್ದು ಮುಂದೆ ನಡೆದದ್ದನ್ನು. ಪೊಲೀಸರು ಸತ್ತಿದ್ದರೂ ನಾಡು ರೈತನನ್ನು ವೈರಿ ಎನ್ನಲಿಲ್ಲ. ಗುಂಡು ಯಾಕೆ ಹಾರಿತು, ಆ ಕರ ಯಾಕೆ ಹೇರಿದರು ಎಂದು ಕೇಳಿತು. ಹೊಲ ಇಲ್ಲದವರೂ ಕೇಳಿದರು, ಪೇಟೆಯವರೂ ಕೇಳಿದರು. ನವಲಗುಂದ ಎಂದರೆ ಜಮಖಾನದ ಊರು, ಅದನ್ನು ನೇಯುವವರು ನಮ್ಮ ಹೆಣ್ಣುಮಕ್ಕಳು. ಆ ಬಂದ್ ಒಂದು ಜಾತಿಯದಾಗಲಿ ಒಂದು ಧರ್ಮದ್ದಾಗಲಿ ಆಗಿರಲಿಲ್ಲ. ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು, ಮತ್ತೆ ಹಲವೆಡೆ ಗುಂಡು ಹಾರಿತು. ಲೆವಿ ವಸೂಲಿಯನ್ನು ಸರ್ಕಾರ ತಡೆಹಿಡಿಯಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ನರಗುಂದದಿಂದ ಬೆಂಗಳೂರಿಗೆ ಕಾಲ್ನಡಿಗೆ ಜಾಥಾ ಹೊರಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು, ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ನರಗುಂದವನ್ನು ಬಿಟ್ಟು ಆ ಕತೆ ಹೇಳಲಾಗದು. ಇಂದಿಗೂ ಜುಲೈ 21ರಂದು ರೈತರು ಅಲ್ಲಿನ ವೀರಗಲ್ಲಿಗೆ ಮಾಲೆ ಹಾಕುತ್ತಾರೆ.

ಇನ್ನು ಮಂಗಳೂರು. 2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ದೇಶವೆಲ್ಲ ಪ್ರತಿಭಟನೆ ನಡೆಯುತ್ತಿತ್ತು. ನಗರದಲ್ಲಿ 144ನೇ ಸೆಕ್ಷನ್ ಜಾರಿಯಲ್ಲಿತ್ತು. ಲಾಠಿ, ಕಲ್ಲು, ಅಶ್ರುವಾಯು, ಕೊನೆಗೆ ಗುಂಡು. ಇಬ್ಬರು ಸತ್ತರು. ಅವರ ಹೆಸರನ್ನು ನಾವು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಹೆಸರನ್ನು ಬದಿಗಿಟ್ಟು ನಡೆದದ್ದನ್ನಷ್ಟೇ ನೋಡೋಣ.

ನಗರಕ್ಕೆ ಕರ್ಫ್ಯೂ ಬಿತ್ತು, ಇಂಟರ್‌ನೆಟ್ ನಿಂತಿತು. ಆಸ್ಪತ್ರೆಯ ಒಳಗೆ ಪೊಲೀಸರು ನುಗ್ಗಿದ ದೃಶ್ಯಗಳನ್ನು ಜನ ಮೊಬೈಲಿನಲ್ಲಿ ನೋಡಿದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಎರಡೂ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಪೊಲೀಸರು ಕಲ್ಲು ತೂರಾಟದ ಸಿಸಿಟಿವಿ ದೃಶ್ಯಗಳನ್ನು ಬಿಡುಗಡೆ ಮಾಡಿದ ಮೇಲೆ, ತನಿಖೆ ಮುಗಿಯುವವರೆಗೆ ಹಣ ಇಲ್ಲ ಎಂದರು. ಸತ್ತ ಇಬ್ಬರ ಹೆಸರೂ ಪೊಲೀಸರ ಎಫ್‌ಐಆರ್‌ನಲ್ಲಿ ಆರೋಪಿಗಳಾಗಿ ಸೇರಿದ್ದವು. ನರಗುಂದದಲ್ಲಿ ಸತ್ತವರ ಹೆಸರು ಕಲ್ಲಿನ ಮೇಲೆ ಬಂದಿತ್ತು, ಇಲ್ಲಿ ಆರೋಪಿಗಳ ಪಟ್ಟಿಯಲ್ಲಿ ಬಂತು.

ಜನ ಪೂರ್ತಿ ಸುಮ್ಮನಿದ್ದರು ಎಂದರೆ ತಪ್ಪಾಗುತ್ತದೆ. ವಿರೋಧ ಪಕ್ಷದ ನಾಯಕರು ಹೋಗಿ ಬಂದರು. ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಬೇರೆ ದೃಶ್ಯಗಳನ್ನು ಬಹಿರಂಗಪಡಿಸಿ ಪೊಲೀಸರ ಮಾತನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ. ಗೋಪಾಲಗೌಡರ ನೇತೃತ್ವದಲ್ಲಿ ಜನತಾ ಅದಾಲತ್ತಿನಂಥ ವಿಚಾರಣೆ ನಡೆಯಿತು. 2020ರ ಜನವರಿ 15ರಂದು ಅಡ್ಯಾರಿನಲ್ಲಿ ಸೇರಿದ ಜನಸಾಗರ ಒಂದು ಕಲ್ಲೂ ಎತ್ತದೆ ಮನೆಗೆ ಮರಳಿತು. ಫೆಬ್ರವರಿಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರು ಬಂಧಿತರಿಗೆ ಜಾಮೀನು ಕೊಡುತ್ತ, ಪೊಲೀಸರು ತಮ್ಮ ಅತಿರೇಕ ಮುಚ್ಚಿಕೊಳ್ಳಲು ಅಮಾಯಕರನ್ನು ಸಿಲುಕಿಸಿದಂತೆ ಕಾಣುತ್ತದೆ ಎಂಬರ್ಥದ ಮಾತು ಬರೆದರು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು, ಸೆಪ್ಟೆಂಬರಿನಲ್ಲಿ ತಾನೇ ಜಾಮೀನು ನೀಡಿತು.

ಆದರೆ ಬಸ್ಸಿನಲ್ಲಿ, ಸಂತೆಯಲ್ಲಿ, ವಾಟ್ಸ್ಆ್ಯಪ್ಪಿನಲ್ಲಿ ನಾವು ಹೆಚ್ಚು ಕೇಳಿದ ಮಾತು ಒಂದೇ: ನಿಷೇಧಾಜ್ಞೆ ಇದ್ದಾಗ ಅವರು ಯಾಕೆ ಹೊರಗೆ ಬಂದರು? ನರಗುಂದದ ರೈತನಿಗೆ ಈ ಪ್ರಶ್ನೆಯನ್ನು ಹೀಗೆ ಯಾರೂ ಹಾಕಿರಲಿಲ್ಲ. ನಮ್ಮ ಎದೆ ಉರಿದದ್ದು ಅದಕ್ಕೇ.

ಆಳುವವನ ಪಡೆ ತಪ್ಪಿ ಕೊಂದಾಗ ಆಳುವವನು ಏನು ಮಾಡಬೇಕು ಎಂಬುದಕ್ಕೆ ನಮ್ಮ ಇತಿಹಾಸದಲ್ಲಿ ಹಿಜರಿ 8ರ ಒಂದು ಘಟನೆ ಇದೆ. ಮಕ್ಕಾ ವಿಜಯದ ನಂತರ ಹಝ್ರತ್ ಖಾಲಿದ್ ಬಿನ್ ವಲೀದ್(ರ)ರನ್ನು ಬನೂ ಜದೀಮಾ ಗೋತ್ರದ ಕಡೆಗೆ ಕಳಿಸಲಾಗಿತ್ತು, ಯುದ್ಧಕ್ಕಲ್ಲ, ಧರ್ಮದ ಕರೆ ಕೊಡಲು. ಅವರು ಶರಣಾಗುವಾಗ ಆಡಿದ ಮಾತು ಸರಿಯಾಗಿ ತಿಳಿಯದೆ ಸೆರೆಯಾದವರನ್ನು ಕೊಲ್ಲಿಸಲಾಯಿತು. ಅಬ್ದುಲ್ಲಾ ಬಿನ್ ಉಮರ್(ರ) ತಮ್ಮ ವಶದಲ್ಲಿದ್ದ ಸೆರೆಯಾಳನ್ನು ಕೊಲ್ಲುವುದಿಲ್ಲ ಎಂದು ಆಜ್ಞೆಯನ್ನು ನಿರಾಕರಿಸಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಕೈಯೆತ್ತಿ, ಖಾಲಿದ್ ಮಾಡಿದ್ದಕ್ಕೂ ತಮಗೂ ಸಂಬಂಧವಿಲ್ಲವೆಂದು ಅಲ್ಲಾಹನ ಮುಂದೆ ಎರಡು ಸಲ ಹೇಳಿದರು. ಹಝ್ರತ್ ಅಲಿ(ರ)ಯವರನ್ನು ಹಣದೊಂದಿಗೆ ಕಳಿಸಿದರು. ಅಲಿ(ರ) ಪ್ರತಿ ಜೀವಕ್ಕೂ ದಿಯತ್ ಕೊಟ್ಟರು, ಹೋದ ಸೊತ್ತಿಗೆ ಕೊಟ್ಟರು, ನಾಯಿ ನೀರು ಕುಡಿಯುವ ಪಾತ್ರೆಗೂ ಬೆಲೆ ಕಟ್ಟಿ ಕೊಟ್ಟರು. ಉಳಿದ ಹಣವನ್ನೂ, ಲೆಕ್ಕಕ್ಕೆ ಸಿಗದ ನಷ್ಟವೇನಾದರೂ ಇದ್ದರೆ ಇರಲಿ ಎಂದು ಅವರಿಗೇ ಬಿಟ್ಟು ಬಂದರು.

ಇದನ್ನು ಹೇಳಿ ನಿಲ್ಲಿಸಿದರೆ ನಮಗೆ ಹಿತವಾಗುತ್ತಿತ್ತು. ಆದರೆ ಅಂಗಳದ ಮಾತು ಅಲ್ಲಿಗೆ ನಿಲ್ಲಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮುಂದೆ ಅವರು ಸರ್ದಾರ್ ಪಟೇಲರ ಜೊತೆ ಒಪ್ಪಂದ ಮಾಡಿಕೊಂಡದ್ದು ನಿಜ. ಆದರೂ ನಾವು ಮಿರ್ಜಾರನ್ನು ಹೊಗಳಿ ಬರೆಯುವಾಗ ಬೃಂದಾವನ ತೋಟ ಬರುತ್ತದೆ, ವಿದುರಾಶ್ವತ್ಥ ಬರುವುದಿಲ್ಲ.

ಹುಬ್ಬಳ್ಳಿಯಂತೂ ನಾವೇ ಕಂಡದ್ದು. 1994ರ ಆಗಸ್ಟ್ 15. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿವಾದ, ಕರ್ಫ್ಯೂ, ಉಮಾ ಭಾರತಿಯವರ ಆಗಮನ, ಪೊಲೀಸರ ಗುಂಡು, ಐದಾರು ಹೆಣ. ಆಗ ರೇಡಿಯೋದ ಸುತ್ತ ಕೂತು ನಾವೂ ಮೊದಲು ಕೇಳಿದ್ದು ಸತ್ತವರು ಯಾರ ಕಡೆಯವರು ಎಂದು. ಅದಾದ ಮೇಲೆ ಕೇಳಿದ್ದು, ಕರ್ಫ್ಯೂ ಇದ್ದಾಗ ಅವರು ಯಾಕೆ ಹೊರಗೆ ಬಂದರು ಎಂದು. ಅವರ ಮನೆಯವರ ಬಗ್ಗೆ ಒಂದು ಮಾತು ಬಂದ ನೆನಪು ನಮಗಿಲ್ಲ.

ಹುಡುಗ ಚಾಚಾರ ಮುಖ ನೋಡಿದ. “ಹೌದಪಾ,” ಎಂದರು ಅವರು, “ಆವತ್ತ ನಾನೂ ಹಂಗ ಅಂದಿದ್ದೆ.”