ಮೂರು ನಿಮಿಷದ ಹಾಡು, ಒಂಬತ್ತು ನಿಮಿಷದ ಆವೃತ್ತಿ

ಸೇಡಂ: ಗಣೇಶ ವಿಸರ್ಜನೆಯಿರಲಿ, ಮದುವೆಯ ಮೆರವಣಿಗೆಯಿರಲಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ರಸ್ತೆಗಳಲ್ಲಿ ಧ್ವನಿವರ್ಧಕಗಳನ್ನು ಪೇರಿಸಿಕೊಂಡ ವಾಹನವೊಂದು ಮುಂದೆ ಸಾಗುವುದು ಇಂದು ವಾಡಿಕೆ. ಅದರಿಂದ ಹೊರಡುವ ‘ಡಿ.ಜೆ. ಮಿಕ್ಸ್’ನಲ್ಲಿ ಹಾಡು ಪೂರ್ಣವಾಗಿ ಕೇಳಿಸುವುದೇ ಅಪರೂಪ. ಪಲ್ಲವಿಯ ತುಣುಕೊಂದು ಬಂದು ಮಾಯವಾಗುತ್ತದೆ. ತಾಳ ಮಾತ್ರ ಉಳಿಯುತ್ತದೆ. ಗಾಯಕನ ಕೊನೆಯ ಅಕ್ಷರ ಪ್ರತಿಧ್ವನಿಯಾಗಿ ನಾಲ್ಕಾರು ಬಾರಿ ಮರಳುತ್ತದೆ. ಇದು ಈಚಿನ ಹುಡುಗರ ಗದ್ದಲವೆಂದು ಹಿರಿಯರು ಗೊಣಗುವುದುಂಟು. ಗದ್ದಲವೆಂಬ ಮಾತು ಒಪ್ಪತಕ್ಕದ್ದೇ. ಈಚಿನದೆಂಬುದು ಮಾತ್ರ ಸರಿಯಲ್ಲ. ಈ ತಂತ್ರಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರ ನಡುವಿನ ಅಧ್ಯಾಯವೊಂದರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕೊಡವರೊಬ್ಬರ ಹೆಸರಿದೆ.

1980ರ ದಶಕದ ಪಾಶ್ಚಾತ್ಯ ಪಾಪ್ ಹಾಗೂ ‘ನ್ಯೂ ವೇವ್’ ಎಂದು ಕರೆಯಲಾಗುವ ಹೊಸ ಅಲೆಯ ಹಾಡುಗಳು ಮೂರು ನಾಲ್ಕು ನಿಮಿಷದ ರೂಪದಲ್ಲಿ ಎಲ್ಲರಿಗೂ ಪರಿಚಿತ. ಅದೇ ಹಾಡುಗಳಿಗೆ ಏಳು, ಒಂಬತ್ತು, ಕೆಲವೊಮ್ಮೆ ಹದಿನಾರು ನಿಮಿಷದ ವಿಸ್ತೃತ ಆವೃತ್ತಿಗಳೂ, ಗಾಯಕನ ಧ್ವನಿಯನ್ನು ಬಹುಪಾಲು ತೆಗೆದುಹಾಕಿದ ‘ಡಬ್’ ಆವೃತ್ತಿಗಳೂ ಇದ್ದವು. ನೃತ್ಯಶಾಲೆಗಳಿಗಾಗಿಯೇ ತಯಾರಾಗಿ, ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿ ಅಚ್ಚಾಗಿ, ಬಳಿಕ ಮರೆತುಹೋದ ಈ ಆವೃತ್ತಿಗಳನ್ನು ಹುಡುಕಿ ಕೇಳುವ ಆಸಕ್ತಿ ಕಳೆದ ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಬೆಳೆದಿದೆ.

ಮರೆವಿನಿಂದ ಹುಟ್ಟಿದ ಪ್ರಕಾರ: ‘ಡಬ್’ನ ತವರು ವೆಸ್ಟ್ ಇಂಡೀಸ್‌ನ ಜಮೈಕಾ ದ್ವೀಪ. ಅಲ್ಲಿ ಊರ ಬಯಲುಗಳಲ್ಲಿ ದೊಡ್ಡ ಧ್ವನಿವರ್ಧಕಗಳನ್ನಿಟ್ಟು ಹಾಡು ಹಾಕುವ ‘ಸೌಂಡ್ ಸಿಸ್ಟಂ’ಗಳ ನಡುವೆ ತೀವ್ರ ಪೈಪೋಟಿಯಿತ್ತು. 1960ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಎಂಬವರಿಗೆ ತಟ್ಟೆಯೊಂದನ್ನು ಕೊರೆದುಕೊಡುವಾಗ ಸ್ಟುಡಿಯೊದ ತಂತ್ರಜ್ಞರು ಗಾಯನದ ಭಾಗವನ್ನು ಸೇರಿಸಲು ಮರೆತರೆಂದು ಸಂಗೀತ ಚರಿತ್ರೆಕಾರರು ದಾಖಲಿಸಿದ್ದಾರೆ. ರೆಡ್‌ವುಡ್ ಅದನ್ನು ಹಾಗೆಯೇ ನುಡಿಸಿದರು. ಹಾಡು ಮೊದಲೇ ಗೊತ್ತಿದ್ದ ಜನ ತಾವೇ ಹಾಡಿಕೊಂಡು ಕುಣಿದರು. ಅಂದಿನಿಂದ ತಟ್ಟೆಯ ಮುಂಬದಿಯಲ್ಲಿ ಹಾಡು, ಹಿಂಬದಿಯಲ್ಲಿ ಅದರ ಗಾಯನರಹಿತ ‘ವರ್ಷನ್’ ಎಂಬ ಪದ್ಧತಿ ನೆಲೆಗೊಂಡಿತು.

ಅದನ್ನು ಕಲೆಯ ಮಟ್ಟಕ್ಕೇರಿಸಿದವರು ಕಿಂಗ್ ಟಬ್ಬಿ. ವೃತ್ತಿಯಿಂದ ಅವರು ರೇಡಿಯೊ ಮತ್ತು ವಿದ್ಯುತ್ ಉಪಕರಣಗಳ ರಿಪೇರಿಗಾರ. ನಮ್ಮ ವಾಡಿ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಬೆಸುಗೆ ಕಡ್ಡಿ ಹಿಡಿದು ಕುಳಿತವರಂತೆಯೇ ಎನ್ನಬಹುದು. ಕೇವಲ ನಾಲ್ಕು ಟ್ರ್ಯಾಕ್‌ಗಳ ಟೇಪಿನಲ್ಲಿ ಒಂದೊಂದು ವಾದ್ಯವನ್ನು ಮುಚ್ಚಿ ತೆರೆದು, ತಾವೇ ಮಾರ್ಪಡಿಸಿದ ಉಪಕರಣಗಳಿಂದ ಪ್ರತಿಧ್ವನಿ ಬೆರೆಸಿ, ಧ್ವನಿಮುದ್ರಣದ ಮೇಜನ್ನೇ ವಾದ್ಯವನ್ನಾಗಿ ಮಾಡಿದರು. 1989ರಲ್ಲಿ ಅವರು ಹತ್ಯೆಗೀಡಾದರು.

ಹನ್ನೆರಡು ಇಂಚಿನ ತಟ್ಟೆ: ವಿಸ್ತೃತ ಆವೃತ್ತಿಗೆ ಬೇರೆಯೇ ಮೂಲವಿದೆ. ನ್ಯೂಯಾರ್ಕ್‌ನ ಟಾಮ್ ಮೌಲ್ಟನ್ 1970ರ ದಶಕದ ಆರಂಭದಲ್ಲಿ, ಕುಣಿಯುವವರು ಹಾಡು ಮುಗಿದಾಗಲೆಲ್ಲ ಅಂಗಳ ಬಿಟ್ಟು ಹೊರಡುವುದನ್ನು ಗಮನಿಸಿ, ಹಾಡುಗಳ ತಾಳದ ಭಾಗಗಳನ್ನು ಹಿಗ್ಗಿಸತೊಡಗಿದರು. ಒಮ್ಮೆ ಏಳು ಇಂಚಿನ ಖಾಲಿ ತಟ್ಟೆ ಮುಗಿದಿದ್ದರಿಂದ ಹತ್ತು ಇಂಚಿನದರ ಮೇಲೆ ಹಾಡು ಕೊರೆಯಲಾಯಿತು. ಧ್ವನಿ ಅನಿರೀಕ್ಷಿತವಾಗಿ ಗಟ್ಟಿಯಾಗಿಯೂ ತುಂಬಿಕೊಂಡೂ ಬಂದಿತು. ಕಾರಣ ಸರಳ: ಮಂದ್ರ ಧ್ವನಿ ಗಟ್ಟಿಯಾದಷ್ಟೂ ತಟ್ಟೆಯ ಮೇಲಿನ ಗೆರೆ ಅಗಲವಾಗಿ ಓಲಾಡಬೇಕು, ಅದಕ್ಕೆ ಜಾಗ ಬೇಕು. ಇಪ್ಪತ್ತು ನಿಮಿಷ ಹಿಡಿಯುವ ತಟ್ಟೆಯಲ್ಲಿ ಒಂದೇ ಹಾಡನ್ನು ಕೂರಿಸಿದರೆ ಜಾಗ ಧಾರಾಳ. 1976ರಲ್ಲಿ ಸಾಲ್‌ಸೋಲ್ ಕಂಪನಿ ‘ಟೆನ್ ಪರ್ಸೆಂಟ್’ ಎಂಬ ಹಾಡನ್ನು ವಾಲ್ಟರ್ ಗಿಬನ್ಸ್ ಅವರ ಕೈಯಲ್ಲಿ ಒಂಬತ್ತು ನಿಮಿಷಕ್ಕೂ ಹೆಚ್ಚು ಹಿಗ್ಗಿಸಿ, ಹನ್ನೆರಡು ಇಂಚಿನ ತಟ್ಟೆಯಾಗಿ ಮಾರುಕಟ್ಟೆಗೆ ತಂದಿತು.

ಹಾಡು ಹಿಗ್ಗಿಸುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಮದುವೆಯ ಬ್ಯಾಂಡ್ ಬಾಜಾದವರು ಚೌಕಿಗೆ ಬಂದೊಡನೆ ಸಿನಿಮಾ ಹಾಡಿನ ಎರಡು ಸಾಲನ್ನೇ ಹಿಡಿದು ಅರ್ಧ ತಾಸು ಎಳೆಯುತ್ತಾರೆ. ಕುಣಿಯುವವರ ಕಾಲು ನಿಲ್ಲುವ ತನಕ ಹಾಡು ನಿಲ್ಲುವುದಿಲ್ಲ. ಮೌಲ್ಟನ್ ಕತ್ತರಿ ಮತ್ತು ಅಂಟುಪಟ್ಟಿಯಿಂದ ಮಾಡಿದ್ದನ್ನು ಇವರು ತುತ್ತೂರಿ, ಡೋಲುಗಳಿಂದಲೇ ಮಾಡಿಕೊಂಡು ಬಂದಿದ್ದಾರೆ.

1980ರ ದಶಕದ ಇಂಗ್ಲೆಂಡ್ ಈ ಎರಡೂ ಧಾರೆಗಳನ್ನು ಸೇರಿಸಿತು. ‘ಹ್ಯೂಮನ್ ಲೀಗ್’ ತಂಡದ 1981ರ ‘ಡೇರ್’ ಸಂಕಲನವನ್ನು ನಿರ್ಮಾಪಕ ಮಾರ್ಟಿನ್ ರಷೆಂಟ್ ಸಾವಿರಕ್ಕೂ ಹೆಚ್ಚು ಕಡೆ ಕತ್ತರಿಸಿ ಅಂಟಿಸಿ, 1982ರಲ್ಲಿ ‘ಲವ್ ಅಂಡ್ ಡಾನ್ಸಿಂಗ್’ ಎಂಬ ಇಡೀ ಡಬ್ ಸಂಕಲನವಾಗಿಸಿದರು. ಗಣಕಯಂತ್ರದಲ್ಲಿ ಈಗ ಕ್ಷಣಮಾತ್ರದಲ್ಲಿ ಆಗುವ ಕೆಲಸ ಅಂದು ಬ್ಲೇಡಿನಿಂದ ನಡೆಯಿತು. 1983ರಲ್ಲಿ ‘ನ್ಯೂ ಆರ್ಡರ್’ ತಂಡದ ‘ಬ್ಲೂ ಮಂಡೇ’ ಏಳೂವರೆ ನಿಮಿಷದ ಹನ್ನೆರಡು ಇಂಚಿನ ತಟ್ಟೆಯಾಗಿಯೇ ಹೊರಬಂದಿತು. ಬ್ರಿಟನ್ನಿನಲ್ಲಿ ಆ ಗಾತ್ರದ ತಟ್ಟೆಗಳಲ್ಲಿ ಅತಿ ಹೆಚ್ಚು ಮಾರಾಟವಾದ ದಾಖಲೆ ಅದರದು. ಹಿಂಬದಿಯಲ್ಲಿದ್ದ ‘ದಿ ಬೀಚ್’ ಅದೇ ಹಾಡಿನ ಕಲಸಿದ ರೂಪ. ಈ ಲೇಖಕನ ಅಭಿಪ್ರಾಯದಲ್ಲಿ ಮುಂಬದಿಗಿಂತ ಅದೇ ಒಂದು ಕೈ ಮೇಲು.

ಬೆಂಗಳೂರಿನಿಂದ ಹೊರಟ ಎಳೆ: ಬಿದ್ದು ಅಪ್ಪಯ್ಯ 1945ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು. ‘ಟ್ರೋಜನ್ಸ್’ ಎಂಬ ತಂಡದಲ್ಲಿ ಹಾಡುತ್ತಿದ್ದ ಅವರು 1960ರ ದಶಕದಲ್ಲಿ ಇಂಗ್ಲೆಂಡ್ ಸೇರಿದರು. 1974ರಲ್ಲಿ ಅವರು ನಿರ್ಮಿಸಿದ, ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಬ್ರಿಟನ್ ಹಾಗೂ ಅಮೆರಿಕಗಳೆರಡರಲ್ಲೂ ಪ್ರಥಮ ಸ್ಥಾನಕ್ಕೇರಿತು. ಅದನ್ನು ಧ್ವನಿಮುದ್ರಿಸಿದ್ದು ತಟ್ಟೆಯ ಹಿಂಬದಿ ತುಂಬಿಸಲು, ಉಳಿದ ಅಲ್ಪ ಸಮಯದಲ್ಲಿ, ಎಂಬುದು ಗಮನಾರ್ಹ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಕೂಡ ಬ್ರಿಟನ್ನಿನಲ್ಲಿ ಅಗ್ರಸ್ಥಾನ ಪಡೆಯಿತು. 1980ರ ದಶಕದಲ್ಲಿ ಇದೇ ಹಾಡನ್ನು ರಿಮಿಕ್ಸ್ ಮಾಡಿ ಮತ್ತೆ ಬಿಡುಗಡೆ ಮಾಡಲಾಯಿತು.

ಟೀನಾ ಚಾರ್ಲ್ಸ್ ಅವರ ಪ್ರವಾಸಿ ವಾದ್ಯವೃಂದದಲ್ಲಿ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಎಂಬ ಇಬ್ಬರು ತರುಣರಿದ್ದರು. ಅವರೇ ‘ಬಗಲ್ಸ್’ ತಂಡ ಕಟ್ಟಿ 1979ರಲ್ಲಿ ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’ ಹಾಡಿದರು. ಅದರ ಧಾಟಿ 1982ರ ‘ಡಿಸ್ಕೊ ಡಾನ್ಸರ್’ ಹಿಂದಿ ಚಿತ್ರದ ಬಪ್ಪಿ ಲಾಹಿರಿ ಸಂಯೋಜನೆಯೊಂದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ಹೆಸರೇ ಗೊತ್ತಿಲ್ಲದ ‘ಹೊಸ ಅಲೆ’ಯೊಂದು ಮಿಥುನ್ ಚಕ್ರವರ್ತಿಯ ಕುಣಿತದೊಂದಿಗೆ ಹಳ್ಳಿ ಹಳ್ಳಿಗೆ ತಲುಪಿತು. ಅತ್ತ ಹಾರ್ನ್ 1983ರಲ್ಲಿ ‘ಫ್ರಾಂಕಿ ಗೋಸ್ ಟು ಹಾಲಿವುಡ್’ ತಂಡದ ‘ರಿಲ್ಯಾಕ್ಸ್’ ಹಾಡಿಗೆ ಹದಿನಾರು ನಿಮಿಷ ಮೀರಿದ ಆವೃತ್ತಿ ತಯಾರಿಸಿದರು. ಅದರಲ್ಲಿ ಹಾಡೇ ಇಲ್ಲವೆಂದು ಕೊಂಡವರು ದೂರಿದರು. ಬೇರೆ ಆವೃತ್ತಿಗಳನ್ನು ಅಚ್ಚು ಹಾಕಬೇಕಾಯಿತು.

ಬಿದ್ದು ಅವರು ‘ಕುರ್ಬಾನಿ’ (1980) ಚಿತ್ರಕ್ಕಾಗಿ ಪಾಕಿಸ್ತಾನ ಮೂಲದ ನಾಜಿಯಾ ಹಸನ್ ಅವರಿಂದ ಹಾಡಿಸಿದ ‘ಆಪ್ ಜೈಸಾ ಕೋಯಿ’, ಮರುವರ್ಷದ ‘ಡಿಸ್ಕೊ ದೀವಾನೆ’ ಸಂಕಲನ ನಮ್ಮ ಭಾಗದವರಿಗೆ ಹೆಚ್ಚು ಹತ್ತಿರದವು. ದಖನಿ ಮಾತು ಮನೆಮಾತಾಗಿರುವ ಶಹಾಬಾದ, ಚಿತ್ತಾಪುರಗಳಲ್ಲಿ ಅವುಗಳ ಭಾಷೆಗೆ ಅನುವಾದ ಬೇಕಿರಲಿಲ್ಲ. ನಾಜಿಯಾ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿಧನರಾದರು. ‘ಡಿಸ್ಕೊ ದೀವಾನೆ’ 2012ರಲ್ಲಿ ಹಿಂದಿ ಚಿತ್ರವೊಂದಕ್ಕಾಗಿ ಮತ್ತೆ ಹೊಸ ರೂಪ ಪಡೆಯಿತು.

ನಮ್ಮಲ್ಲಿ ‘ವರ್ಷನ್’ ಬೇರೆ: ಇಲ್ಲಿ ಒಂದು ವ್ಯತ್ಯಾಸವನ್ನು ಓದುಗರು ಗಮನಿಸಬೇಕು. ಜಮೈಕಾದಲ್ಲಿ ಧ್ವನಿಮುದ್ರಿಕೆ ಅದೇ, ಗಾಯಕ ಮಾತ್ರ ಇಲ್ಲ. ಭಾರತದಲ್ಲಿ ‘ವರ್ಷನ್ ರೆಕಾರ್ಡಿಂಗ್’ ಎಂದರೆ ಹಾಡು ಅದೇ, ಗಾಯಕರೂ ಧ್ವನಿಮುದ್ರಿಕೆಯೂ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿದ್ದ ಅವಕಾಶವನ್ನು ಬಳಸಿ, ಟಿ-ಸೀರೀಸ್‌ನ ಗುಲ್ಶನ್ ಕುಮಾರ್ 1980ರ ದಶಕದಲ್ಲಿ ಹಳೆಯ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ಅಗ್ಗದ ಧ್ವನಿಸುರುಳಿಗಳಲ್ಲಿ ಮಾರಿದರು. 1972ರ ‘ಸಮಾಧಿ’ ಚಿತ್ರದ ‘ಕಾಂಟಾ ಲಗಾ’ 2002ರಲ್ಲಿ ‘ರಿಮಿಕ್ಸ್’ ಎಂಬ ಹೆಸರಿನಲ್ಲಿ ಬಂದಾಗಲೂ ಅದರಲ್ಲಿದ್ದುದು ಲತಾ ಮಂಗೇಶ್ಕರ್ ಧ್ವನಿಯಲ್ಲ. 2012ರ ತಿದ್ದುಪಡಿಯ ನಂತರ ಮೂಲ ಧ್ವನಿಮುದ್ರಿಕೆ ಹೊರಬಂದು ಐದು ವರ್ಷ ಕಳೆಯುವವರೆಗೆ ಹೀಗೆ ಮಾಡುವಂತಿಲ್ಲ. ರಾಯಧನವನ್ನೂ ಮುಂಗಡವಾಗಿ ಕೊಡಬೇಕು.

ಕನ್ನಡ ಚಿತ್ರಗೀತೆಗಳಿಗೆ ನಿಜವಾದ ಡಬ್ ಆವೃತ್ತಿ ಏಕಿಲ್ಲವೆಂಬ ಪ್ರಶ್ನೆಗೂ ಉತ್ತರ ಇದರ ಬಳಿಯೇ ಇದೆ. ಮದರಾಸಿನ ಸ್ಟುಡಿಯೊಗಳಲ್ಲಿ ಗಾಯಕರೂ ವಾದ್ಯವೃಂದವೂ ಬಹುಮಟ್ಟಿಗೆ ಒಟ್ಟಿಗೇ ಕುಳಿತು ಧ್ವನಿಮುದ್ರಿಸುತ್ತಿದ್ದ ಕಾಲವದು. ಡೋಲು ಒಂದು ಟ್ರ್ಯಾಕ್, ಗಾಯನ ಇನ್ನೊಂದು ಎಂದು ಬೇರ್ಪಡಿಸಿ ಇಟ್ಟಿದ್ದರೆ ಮಾತ್ರ ಬಳಿಕ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಲು ಸಾಧ್ಯ. ಇಳಯರಾಜಾ ಸಂಗೀತದ ‘ಗೀತಾ’ (1981), ಹಂಸಲೇಖ ಅವರ ‘ಪ್ರೇಮಲೋಕ’ (1987) ಚಿತ್ರಗಳ ತಾಳಲಯ ಕೇಳಿದವರಿಗೆ ಇದು ತುಂಬಲಾಗದ ನಷ್ಟವೆನಿಸಿದರೆ ಆಶ್ಚರ್ಯವಿಲ್ಲ.

ಪುನರ್ದರ್ಶನ: ಮುಂಬಯಿಯ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಜಪಾನಿನ ರೋಲ್ಯಾಂಡ್ ಯಂತ್ರಗಳ ಡಿಸ್ಕೊ ತಾಳಕ್ಕೆ ಕೂಡಿಸಿ ನುಡಿಸಿದರು. ಎಚ್.ಎಂ.ವಿ. ಹೊರತಂದ ಆ ತಟ್ಟೆಯನ್ನು ಅಂದು ಕೇಳಿದವರಿಲ್ಲ. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯ ಅಂಗಡಿಯಲ್ಲಿ ಅದು ಸಿಕ್ಕಿತು, 2010ರಲ್ಲಿ ಮರುಮುದ್ರಣವಾಯಿತು. ಷಿಕಾಗೊದ ‘ಆಸಿಡ್ ಹೌಸ್’ ಸಂಗೀತಕ್ಕೆ ಐದು ವರ್ಷ ಮೊದಲೇ ಅದೇ ಯಂತ್ರ, ಅದೇ ನಾದ ಮುಂಬಯಿಯಲ್ಲಿತ್ತೆಂದು ಪಾಶ್ಚಾತ್ಯ ವಿಮರ್ಶಕರು ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಳ್ಳುವ ಮುನ್ನ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸುವ ಭಾಗ್ಯ ಪಡೆದರು. ಬಂಗಾಳದ ರೂಪಾ ಬಿಸ್ವಾಸ್ ಅವರ 1982ರ ‘ಡಿಸ್ಕೊ ಜಾಝ್’ 2019ರಲ್ಲಿ ಮರುಮುದ್ರಣವಾಯಿತು. ಅದರ ಪ್ರತಿ ಅವರ ಮನೆಯಲ್ಲೇ ಇತ್ತು.

ಹಾಗೆ ಸಿಗದೆ ಹೋದವುಗಳ ಲೆಕ್ಕವಿಲ್ಲ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಸಂಭವಿಸಿದ ಬೆಂಕಿಯಲ್ಲಿ ಸಂಗೀತದ ಅನೇಕ ಮೂಲ ಟೇಪುಗಳು ಸುಟ್ಟುಹೋದವು. ಮೂಲವಿಲ್ಲದಿದ್ದಾಗ ಉಳಿಯುವುದು ಅಚ್ಚಾದ ತಟ್ಟೆ ಮತ್ತು ಧ್ವನಿಸುರುಳಿ ಮಾತ್ರ. ಮೊಬೈಲ್ ಫೋನಿನಲ್ಲಿ ಹಾಡು ಹುಡುಕುವವರಿಗೆ ಮೊದಲು ಎದುರಾಗುವುದು ಚಿಕ್ಕ ಆವೃತ್ತಿ. ಹಿಂಬದಿಯ ಡಬ್ ಅನೇಕ ವೇಳೆ ಪಟ್ಟಿಯಲ್ಲೇ ಇರುವುದಿಲ್ಲ.

ಕಪಾಟಿನ ಕ್ಯಾಸೆಟ್‌ಗಳು: ನಮ್ಮ ಊರುಗಳಿಗೆ ಹನ್ನೆರಡು ಇಂಚಿನ ತಟ್ಟೆ ಬಂದದ್ದು ವಿರಳ. ಬಂದದ್ದು ಕ್ಯಾಸೆಟ್. ವಾಡಿ ಜಂಕ್ಷನ್‌ನಿಂದ ಒಂದು ಹಳಿ ಮುಂಬಯಿಗೂ ಇನ್ನೊಂದು ಹೈದರಾಬಾದಿಗೂ ಹೋಗುತ್ತದೆ. ಕೊಲ್ಲಿ ದೇಶಗಳಿಂದ ಮರಳಿದವರ ಸಾಮಾನಿನಲ್ಲಿ ‘ಟೂ ಇನ್ ಒನ್’ ಇರುತ್ತಿತ್ತು. ಕ್ಯಾಸೆಟ್ ಅಂಗಡಿಯಲ್ಲಿ ತುಂಬಿಸಿಕೊಂಡ ಸುರುಳಿಯಲ್ಲಿ ಯಾವ ಆವೃತ್ತಿ ಇದೆಯೆಂದು ಹೊರಚೀಟಿ ನೋಡಿ ಹೇಳಲಾಗದು.

ಅವುಗಳನ್ನು ಗುಜರಿಗೆ ಹಾಕುವ ಮುನ್ನ ಕೆಲವು ಎಚ್ಚರಿಕೆ ಅಗತ್ಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೆಕೆಗೆ ಟೇಪು ಸೊರಗುತ್ತದೆ; ತಗಡಿನ ಅಟ್ಟದಿಂದ ಮೊದಲು ಇಳಿಸಬೇಕು. ಬಿಳಿ ಬೂಸ್ಟು ಕಂಡರೆ ಯಂತ್ರಕ್ಕೆ ಹಾಕಕೂಡದು, ಅದು ಉಳಿದವುಗಳಿಗೂ ಹರಡುತ್ತದೆ. ಹಿಂದಂಚಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಕೈತಪ್ಪಿ ಅಳಿಸಿಹೋಗುವ ಭಯವಿಲ್ಲ. ಟೇಪಿನ ಹಿಂದಿನ ಪುಟ್ಟ ಸ್ಪಂಜು ಉದುರಿದ್ದರೆ ಧ್ವನಿ ಮಂಕಾಗುತ್ತದೆ. ಕೆಟ್ಟ ಕ್ಯಾಸೆಟ್ ಒಂದರಿಂದ ತೆಗೆದು ಅಂಟಿಸಿದರೆ ಸಾಕು. 90 ನಿಮಿಷದ ಸುರುಳಿಯ ಟೇಪು 60ರದ್ದಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ನುಡಿಸುವ ಮುನ್ನ ಪೆನ್ಸಿಲ್ ತೂರಿಸಿ ಕೈಯಿಂದ ಒಮ್ಮೆ ಸುತ್ತಿ ಸಡಿಲ ಮಾಡುವುದು ಒಳ್ಳೆಯದು. ಕಂಪ್ಯೂಟರಿಗೆ ಇಳಿಸುವಾಗ ಎಂ.ಪಿ.3 ಬದಲು ವೇವ್ ರೂಪದಲ್ಲಿ ಉಳಿಸಬೇಕು. ಸಿ.ಡಿ. ಗುಣಮಟ್ಟದ ಒಂದು ತಾಸಿಗೆ ಸುಮಾರು 600 ಎಂ.ಬಿ.ಗಿಂತ ತುಸು ಹೆಚ್ಚು ಜಾಗ ಬೇಕು. ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1981ರದ್ದು 2041ರ ಕೊನೆಯವರೆಗೆ ಕಂಪನಿಯದೇ. ಆದ್ದರಿಂದ ಪ್ರತಿಯನ್ನು ಸಾರ್ವಜನಿಕವಾಗಿ ಹಂಚುವಂತಿಲ್ಲ.

ಇನ್ನೊಂದು ಮಾತು. ಖರೀದಿಸಿದ ಹಾಡು ಒಂದು ಬದಿಗೆ ಮುಗಿದ ಮೇಲೆ ಉಳಿದ ಜಾಗದಲ್ಲಿ ಊರಿನ ಭಜನೆ, ತತ್ವಪದ, ಮೊಹರಂ ಪದ, ಮನೆಯ ಹಿರಿಯರ ಮಾತು ತುಂಬಿಸಿಟ್ಟಿರುವುದು ಸಾಮಾನ್ಯ. ಅವುಗಳಿಗೆ ಇನ್ನೊಂದು ಪ್ರತಿಯೇ ಇರುವುದಿಲ್ಲ. ‘ಎ’ ಬದಿಯಲ್ಲಿ ಎಲ್ಲೆಡೆ ಸಿಗುವ ಹಾಡೇ ಇದ್ದರೂ ‘ಬಿ’ ಬದಿಯನ್ನು ಕೊನೆಯವರೆಗೆ ಓಡಿಸಿ ನೋಡಬೇಕು.