ಗೌರವ ಸೇವೆ ಮತ್ತು ಸಂಬಳ: ಮಲೆನಾಡಿನ ಆಶಾ ಕಾರ್ಯಕರ್ತೆಯರು, ಆನ್‌ಲೈನ್ ಸಮುದಾಯಗಳ ನಿರ್ವಾಹಕರು

ಆನ್‌ಲೈನ್ ಸಮುದಾಯಗಳನ್ನು ಬಿಟ್ಟಿಯಾಗಿ ಕಾಯುವವರಿಗೆ ಹಣ ಕೊಡಬೇಕೇ ಎಂಬ ಪ್ರಶ್ನೆ ಅಮೆರಿಕದಲ್ಲಿ 1999ರಲ್ಲೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಎಒಎಲ್ ಕಂಪನಿಯ ಚಾಟ್ ರೂಮುಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರಿಗೆ ತರಬೇತಿ, ಪಾಳಿ, ವರದಿ ಎಲ್ಲವೂ ಇದ್ದವು. ಸಂಬಳ ಮಾತ್ರ ಇರಲಿಲ್ಲ. 2010ರಲ್ಲಿ 1.5 ಕೋಟಿ ಡಾಲರಿಗೆ ರಾಜಿಯಾಯಿತು. ಈ ಪ್ರಶ್ನೆಗೆ ಇನ್ನೂ ಸ್ಪಷ್ಟವಾದ ಉತ್ತರ ಸಾಗರ, ಹೊಸನಗರ, ತೀರ್ಥಹಳ್ಳಿಯ ಆಶಾ ಕಾರ್ಯಕರ್ತೆಯರ ದುಡಿಮೆಯಲ್ಲಿದೆ ಎಂಬುದು ನನ್ನ ವಾದ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾಗಳನ್ನು ನೌಕರರೆಂದು ಕರೆಯಲಿಲ್ಲ, ಗೌರವ ಸ್ವಯಂಸೇವಕಿಯರೆಂದಿತು. ಆದರೆ ಈ ಮೂರು ತಾಲ್ಲೂಕುಗಳಲ್ಲಿ ಅವರ ಕ್ಯಾಲೆಂಡರನ್ನು ಬರೆಯುವುದು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಡುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ತತ್ತರಿಸಿತು. ಹಳೆಯ ಲಸಿಕೆ ನಿಂತ ಮೇಲೆ ಮುಖ್ಯ ತಡೆಯೆಂದರೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲ. ಸೀಸೆಯನ್ನು ಮನೆಗೆ ಮುಟ್ಟಿಸುವುದು ಸುಲಭ. ಸೊಪ್ಪಿಗೋ ದರಕಿಗೋ ಹೊರಟವರು ಅದನ್ನು ಹಚ್ಚಿಕೊಂಡೇ ಹೋಗುವಂತೆ ಮಾಡುವುದು, ಸತ್ತ ಮಂಗ ಕಂಡರೆ ತಿಳಿಸಿ ಎಂದು ಮನವೊಲಿಸುವುದು ಕಷ್ಟ. ಆಶಾಳ ಕೆಲಸವಿರುವುದು ಅಲ್ಲೇ.

ಈ ಕೆಲಸದ ಫಲ ಕಣ್ಣಿಗೆ ಬೀಳುವುದಿಲ್ಲ. ಬಾರದ ಜ್ವರವನ್ನು ಯಾವ ನಮೂನೆಯಲ್ಲಿ ಬರೆಯುವುದು? ಆಶಾಗಳಿಗೆ ಸಿಗುವ ಪ್ರೋತ್ಸಾಹಧನವೋ ಎಣಿಸಬಹುದಾದ ಕೆಲಸಕ್ಕೇ ಅಂಟಿಕೊಂಡಿದೆ. ಸರ್ಕಾರಿ ಪೋರ್ಟಲಿಗೆ ಏರದ ದುಡಿಮೆಗೆ ದುಡ್ಡಿಲ್ಲ ಎಂಬುದು ರಾಜ್ಯದ ಆಶಾಗಳ ಹಳೆಯ ದೂರು. ಆನ್‌ಲೈನ್ ನಿರ್ವಾಹಕರ ಪಾಡೂ ಇದೇ. ಅಳಿಸಿದ ಬೈಗುಳವನ್ನು ಎಣಿಸಬಹುದು, ಹೊತ್ತಿಕೊಳ್ಳದ ಜಗಳವನ್ನು ಎಣಿಸಲಾಗದು. ಅಳಿಸಿದ್ದಕ್ಕೆ ಇಷ್ಟೆಂದು ದರ ಕಟ್ಟಿದರೆ ಅಳಿಸುವ ಚಟವೇ ಬೆಳೆದೀತು. ಹಾಗಾಗಿ ಕೊಡುವುದಾದರೆ ತಿಂಗಳ ನಿಗದಿತ ಸಂಬಳವನ್ನೇ ಕೊಡಬೇಕು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಆಶಾಗಳು ಕೇಳಿದ್ದೂ ಖಚಿತ ಮಾಸಿಕ ಮೊತ್ತವನ್ನೇ. ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು.

ಹಣ ಬಂದರೆ ಸೇವಾಭಾವ ಕೆಡುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡನ್ನೇ ನೋಡಬೇಕು. 1949ರಲ್ಲಿ ಹುಟ್ಟಿದ ಅಲ್ಲಿನ ರಂಗಸಂಸ್ಥೆ ನೀನಾಸಂನಲ್ಲಿ ಊರವರು ತೋಟ-ಗದ್ದೆಯ ಕೆಲಸ ಮುಗಿಸಿ ಬಂದು ನಾಟಕವಾಡಿದರು; ಯಾರೂ ಸಂಬಳ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಯಾವ ನಾಟಕ, ಯಾವಾಗ ಎಂಬುದು ಅವರದೇ ತೀರ್ಮಾನ. 1985ರಲ್ಲಿ ಅದರ ಸಂಚಾರಿ ನಾಟಕ ತಂಡ ‘ತಿರುಗಾಟ’ ಶುರುವಾಗಿ, ಕಲಾವಿದರು ತಿಂಗಳುಗಟ್ಟಲೆ ಊರೂರು ಸುತ್ತಬೇಕಾದಾಗ ಅದು ಸಂಬಳದ ಕೆಲಸವಾಯಿತು. ಅದರಿಂದ ಊರವರ ಹವ್ಯಾಸಿ ರಂಗಭೂಮಿ ಸಾಯಲಿಲ್ಲ. ಒಬ್ಬರ ಹೊತ್ತು ಯಾರ ಕೈಯಲ್ಲಿದೆ ಎಂಬುದೇ ಇಲ್ಲಿನ ಅಳತೆಗೋಲು.

ಈ ಅಳತೆಯಲ್ಲಿ ಅಡಿಕೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್‌ಗೆ ಸಂಬಳ ಬೇಕಿಲ್ಲ. ಬೇಸರವಾದ ದಿನ ಆತ ಬಿಟ್ಟುಬಿಡಬಹುದು. ಆನ್‌ಲೈನ್ ಚರ್ಚಾ ಗುಂಪುಗಳ ತಾಣ ನಡೆಸುವ ರೆಡ್ಡಿಟ್‌ನಂಥ ಕಂಪನಿಯ ಮಾತು ಬೇರೆ. ಅಲ್ಲಿನ ನಿರ್ವಾಹಕರು ದಿನಕ್ಕೆ ಒಟ್ಟು ಕನಿಷ್ಠ 466 ಗಂಟೆ ದುಡಿಯುತ್ತಾರೆ, ಅದರ ವಾರ್ಷಿಕ ಬೆಲೆ 34 ಲಕ್ಷ ಡಾಲರ್ ಎಂದು 2022ರ ಅಮೆರಿಕದ ಅಧ್ಯಯನವೊಂದು ಅಂದಾಜಿಸಿತು. 2023ರಲ್ಲಿ ಅವರು ಸಾವಿರಾರು ಗುಂಪುಗಳಿಗೆ ಬೀಗ ಹಾಕಿ ಪ್ರತಿಭಟಿಸಿದಾಗ, ತೆರೆಯದಿದ್ದರೆ ಸ್ಥಾನ ಹೋದೀತೆಂದು ಕಂಪನಿ ಎಚ್ಚರಿಸಿತು. ಹಾಗೆ ಎಚ್ಚರಿಸುವ ಅಧಿಕಾರ ತನಗಿದೆ ಎಂದುಕೊಂಡ ಸಂಸ್ಥೆ, 2024ರಲ್ಲಿ ಷೇರುಪೇಟೆಗೂ ಹೋದ ಸಂಸ್ಥೆ, ಸಂಬಳ ಕೊಡುವ ಹೊಣೆಯನ್ನೂ ಹೊರಬೇಕು.