ಮಂಗ ಸತ್ತರೆ ಮಲೆನಾಡು ಏಕೆ ಅಂಜುತ್ತದೆ?

ಚಳಿ ಇಳಿದು ಬಿಸಿಲೇರುವ ದಿನಗಳಲ್ಲಿ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬಂದರೆ ಸಾಕು, ಮಲೆನಾಡಿನ ಹಳ್ಳಿಗಳಲ್ಲಿ ಆತಂಕ ಹಬ್ಬುತ್ತದೆ. ಈ ಅಂಜಿಕೆ ಶುರುವಾದದ್ದು 1957ರಲ್ಲಿ.

ಆ ವರ್ಷ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿಗಳ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರು ರಕ್ತಸ್ರಾವವಾಗಿ ತೀರಿಕೊಂಡರು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ಪೀತಜ್ವರ ಭಾರತಕ್ಕೂ ಬಂತೇ ಎಂಬ ಶಂಕೆ ಮೂಡಿತು. ಆದರೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ಅದನ್ನು ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ ಆಯಿತು.

ಹಾಗಾದರೆ ಈ ರೋಗ ಹೊಸದಾಗಿ ಹುಟ್ಟಿತೇ? ಇಲ್ಲವೆನ್ನುತ್ತಾರೆ ತಜ್ಞರು. ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ವೈರಸ್ ಮೊದಲೇ ಸದ್ದಿಲ್ಲದೆ ಸುತ್ತುತ್ತಿದ್ದಿರಬೇಕು. ಬದಲಾದದ್ದು ಕಾಡು. ಅಲ್ಲಿ ದುಡಿದ ಸಂಶೋಧಕ ಹೋರ್ಹೆ ಬೊಶೆಲ್ 1969ರಲ್ಲಿ ಇದನ್ನೇ ವಿವರಿಸಿದರು. ಜನಸಂಖ್ಯೆ ಬೆಳೆದಂತೆ ಕಾಡು ಕಡಿದು ಗದ್ದೆಗಳಾದವು, ದನಗಳು ಕಾಡಿಗೆ ಮೇಯಲು ಹೋದವು. ಬೆಳೆದ ಉಣುಗುಗಳಿಗೆ ದನಗಳ ರಕ್ತ ಧಾರಾಳವಾಗಿ ಸಿಕ್ಕಿ ಅವುಗಳ ಸಂತತಿ ಹೆಚ್ಚಿತು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು, ಸೌದೆಗೋ ತರಗೆಲೆಗೋ ಬಂದ ಮನುಷ್ಯನನ್ನು ಕಚ್ಚಿದವು.

ಮುಂದೆ ಕಾಯಿಲೆ ಶಿವಮೊಗ್ಗದಲ್ಲೇ ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಭಾಗದಲ್ಲಿ, 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು. ನಂತರ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲೂ ಪತ್ತೆಯಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದವು.

ಈ ಕಾಯಿಲೆಗೆ ಖಚಿತ ಔಷಧಿಯಿಲ್ಲ. ಕಾಲಕಾಲಕ್ಕೆ ಆರೈಕೆ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ದಶಕಗಳ ಕಾಲ ಕೊಟ್ಟ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು ಅದನ್ನು ನಿಲ್ಲಿಸಲಾಯಿತು.

ರೋಗಿಯಿಂದ ಇನ್ನೊಬ್ಬರಿಗೆ ಇದು ಅಂಟುವುದಿಲ್ಲ. ಕಾಡಿಗೆ ಹೋಗದವರಿಗೆ ಭಯ ಕಡಿಮೆ. ಆದರೆ ಒಲೆಗೆ ಸೌದೆ, ಕೊಟ್ಟಿಗೆಗೆ ಸೊಪ್ಪು ತರಬೇಕಾದವರು ಹೋಗದೆ ಇರುವುದು ಹೇಗೆ? ಮಂಗನ ಹೆಸರು ಹೊತ್ತ ಈ ಕಾಯಿಲೆಯಲ್ಲಿ ಮಂಗವೂ ರೋಗಿಯೇ. ಅದು ಸತ್ತು ಬಿದ್ದರೆ ಹತ್ತಿರ ಹೋಗದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸುವುದೇ ಊರಿಗೆ ಸಿಗುವ ಮೊದಲ ರಕ್ಷಣೆ.